ಹೆಡ್‌ಲೈಟ್ ಸೆಲ್ಲಿನ ನೆತ್ತಿ

ಮಲೆನಾಡಿನಲ್ಲಿ ‘ಬ್ಯಾಟರಿ’ ಎಂದರೆ ಟಾರ್ಚು, ಅದರೊಳಗೆ ಹಾಕುವುದು ‘ಸೆಲ್ಲು’. ಸಕಲೇಶಪುರ, ಮೂಡಿಗೆರೆ ಕಡೆ ರಾತ್ರಿ ಗದ್ದೆಗೆ ಹಂದಿ ಕಾಯಲು ಹೋಗುವವರು ಈಗ ಹಣೆಗೆ ಹೆಡ್‌ಲೈಟ್ ಕಟ್ಟಿಕೊಳ್ಳುತ್ತಾರೆ. ಅದರಲ್ಲಿರುವುದು ಬಹುಮಟ್ಟಿಗೆ 18650 ಎಂಬ ಲಿಥಿಯಂ-ಅಯಾನ್ ಸೆಲ್. ಹೆಸರಲ್ಲೇ ಅಳತೆಯಿದೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಕೊನೆಯ ಸೊನ್ನೆ ಉರುಟು ಆಕಾರಕ್ಕೆ.

ಹಳೆಯ ಸತುವಿನ ಸೆಲ್ ಜೇಬಿನಲ್ಲಿ ಕೀಲಿಕೈಗೆ ತಾಗಿದರೆ ಬೆಚ್ಚಗಾಗಿ ಸಾಯುತ್ತಿತ್ತು, ಅಷ್ಟೇ. ಅದರ ಒಳಗಿನ ರೋಧವೇ ಜಾಸ್ತಿ, ಕರೆಂಟ್ ನುಗ್ಗಲು ದಾರಿಯಿರಲಿಲ್ಲ. ಒಳ್ಳೆಯ 18650ರಲ್ಲಿ ಆ ರೋಧ ಸುಮಾರು 0.04 ಓಮ್. ತುಂಬಿದಾಗ ವೋಲ್ಟೇಜ್ 4.2. ಭಾಗಿಸಿ ನೋಡಿ: ನೇರ ಶಾರ್ಟ್ ಆದರೆ ಲೆಕ್ಕಕ್ಕೆ 100 ಆಂಪಿಯರ್ ದಾಟುತ್ತದೆ, 400 ವಾಟ್‌ಗೂ ಹೆಚ್ಚು ಶಾಖ. ಅಡುಗೆಮನೆಯ ಮಿಕ್ಸಿ ಎಳೆಯುವಷ್ಟು ಶಕ್ತಿ ಒಂದು ಹೆಬ್ಬೆರಳು ಗಾತ್ರದ ಡಬ್ಬಿಯೊಳಗೆ ಬಿಸಿಯಾಗಿ ಇಳಿಯುತ್ತದೆ. ಒಳಗೆ ಪ್ಲಸ್ಸನ್ನೂ ಮೈನಸ್ಸನ್ನೂ ಬೇರೆಯಾಗಿಡುವ ತೆಳು ಪ್ಲಾಸ್ಟಿಕ್ ಪರದೆ 130 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗುತ್ತದೆ. ಆಮೇಲೆ ಹೊರಗಿನ ಶಾರ್ಟ್ ಬಿಡಿಸಿದರೂ ಸೆಲ್ ತನ್ನ ಪಾಡಿಗೆ ತಾನೇ ಕಾಯುತ್ತ ಹೋಗಬಹುದು.

ತಲೆ ಪ್ಲಸ್, ಬುಡ ಮೈನಸ್ ಎಂದು ಎಲ್ಲರೂ ಹೇಳುತ್ತಾರೆ. ಪೂರ್ತಿ ಸರಿಯಲ್ಲ. ಬುಡವಷ್ಟೇ ಅಲ್ಲ, ಇಡೀ ಉಕ್ಕಿನ ಡಬ್ಬಿಯೇ ಮೈನಸ್. ಅದು ಮೇಲೆ ಭುಜದವರೆಗೂ ಬಂದು, ಪ್ಲಸ್ ತುದಿಯ ಸುತ್ತ ಅಂಚಾಗಿ ಮಡಚಿಕೊಂಡಿರುತ್ತದೆ. ಸೆಲ್ಲಿನ ನೆತ್ತಿಯ ಮೇಲೆ ಪ್ಲಸ್ಸಿಗೂ ಮೈನಸ್ಸಿಗೂ ಇರುವ ಅಂತರ ಒಂದೆರಡು ಮಿಲಿಮೀಟರ್. ಕಾವಲಿಗೆ ಇರುವುದು ಬಿಳಿ ಕಾಗದದ ಒಂದು ಉಂಗುರ, ಅದರ ಮೇಲೆ ಬಣ್ಣದ ತೆಳು ಪಿವಿಸಿ ಹೊದಿಕೆ. ಟಾರ್ಚಿನ ಸರ್ಕ್ಯೂಟ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಶಾರ್ಟ್ ಆಗುವುದು ಸರ್ಕ್ಯೂಟಿಗೆ ಮುಂಚೆಯೇ.

ಹಾಗಾಗಿ ಹೊದಿಕೆ ಹರಿದ ಸೆಲ್ಲನ್ನು ಹಾಗೇ ಬಳಸಬಾರದು. ಡಬ್ಬಿಗೆ ತಗ್ಗು ಬಿದ್ದಿರದಿದ್ದರೆ ಹೊಸ ಹೊದಿಕೆ ಹಾಕಬಹುದು: ಮಡಚಿಟ್ಟಾಗ 29.5 ಮಿ.ಮೀ. ಅಗಲ, 72 ಮಿ.ಮೀ. ಉದ್ದದ ಪಿವಿಸಿ ಕೊಳವೆ. ಹಳೆಯದನ್ನು ಪ್ಲಾಸ್ಟಿಕ್ ಚೂರಿನಿಂದ ಸುಲಿಯಿರಿ, ಬ್ಲೇಡ್ ಬೇಡ. ಕಾಗದದ ಉಂಗುರ ಹರಿದಿದ್ದರೆ ಮೊದಲು ಹೊಸದನ್ನು ಕೂರಿಸಿ, ಆಮೇಲೆ ಕೊಳವೆ ತೊಡಿಸಿ, ಎರಡೂ ತುದಿಯಲ್ಲಿ ಸಮನಾಗಿ ಬಿಟ್ಟು, ಹೇರ್ ಡ್ರೈಯರ್‌ನಿಂದ ತಿರುಗಿಸುತ್ತ ಬಿಸಿಗಾಳಿ ಕೊಡಿ. ಮೇಣದಬತ್ತಿ, ಒಲೆ ಬೇಡವೇ ಬೇಡ. ಇನ್ಸುಲೇಶನ್ ಟೇಪು ಸುತ್ತಿದರೆ ಸೆಲ್ ದಪ್ಪವಾಗಿ ಹೆಡ್‌ಲೈಟಿನ ಗೂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ರಕ್ಷಣಾ ಸರ್ಕ್ಯೂಟ್ ಇರುವ ಉದ್ದನೆಯ ಸೆಲ್‌ಗಳಲ್ಲಿ ಪ್ಲಸ್ಸಿನ ಪಟ್ಟಿಯೊಂದು ಹೊದಿಕೆಯ ಕೆಳಗೆ ಬುಡದವರೆಗೂ ಇಳಿದಿರುತ್ತದೆ. ಅವುಗಳ ತಂಟೆಗೆ ಹೋಗಬೇಡಿ.

ನೆತ್ತಿ ಚಪ್ಪಟೆ ಇರುವ ಸೆಲ್ ತಾಗದಿದ್ದಾಗ ಜನ ಮಾಡುವ ಉಪಾಯ ಎರಡು, ಎರಡೂ ಕೆಟ್ಟವು. ಒಂದು, ಬಿಲ್ಲೆಯಂಥ ಪುಟ್ಟ ಮ್ಯಾಗ್ನೆಟ್ ಇಡುವುದು. ಜೀಪು ಕುಲುಕಿದಾಗ ಅದು ಎರಡು ಮಿಲಿಮೀಟರ್ ಜರುಗಿದರೆ ಸಾಕು, ಪ್ಲಸ್ಸಿನಿಂದ ಅಂಚಿಗೆ ಸೇತುವೆ. ಇನ್ನೊಂದು, ಸೋಲ್ಡರ್ ಹನಿ ಹಾಕಿಸುವುದು. ಆ ಕಾವು ಕೆಳಗಿನ ಪ್ಲಾಸ್ಟಿಕ್ ಸೀಲನ್ನು ಕೆಡಿಸಬಹುದು. ಗುಬುಟಿರುವ ಸೆಲ್ಲನ್ನೇ ಕೊಳ್ಳುವುದು ಸರಿ.

ಇನ್ನು ಉಲ್ಟಾ ತೊಂದರೆ: ಸರಿಯಾಗಿ ತಾಗದಿರುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಶೀತಕ್ಕೆ ಸ್ಪ್ರಿಂಗಿಗೆ ತುಕ್ಕು, ಹಿತ್ತಾಳೆಗೆ ಹಸಿರು ಕಿಲುಬು. ಸಂಪರ್ಕದಲ್ಲಿ 0.2 ಓಮ್ ಸೇರಿಕೊಂಡರೆ 2.5 ಆಂಪಿಯರಿಗೆ ಅರ್ಧ ವೋಲ್ಟ್ ಅಲ್ಲೇ ಖರ್ಚು, ಸಾಸಿವೆ ಕಾಳಿನಷ್ಟು ಜಾಗದಲ್ಲಿ 1.25 ವಾಟ್ ಬಿಸಿ. ಬೆಳಕು ಮಂಕಾಗುತ್ತದೆ, ತಟ್ಟಿದರೆ ಹತ್ತುತ್ತದೆ. ಕಾದ ಸ್ಪ್ರಿಂಗ್ ಬಿಗಿ ಕಳೆದುಕೊಂಡು ಇನ್ನೂ ಸಡಿಲ, ಇನ್ನೂ ಬಿಸಿ. ಸೆಲ್ ತೆಗೆದು, ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಲ್ಲಿ ಒರೆಸಿ ಒಣಗಿಸಿ. ಮರಳು ಕಾಗದ ನಿಕ್ಕಲ್ ಲೇಪವನ್ನೇ ಕಿತ್ತು ಮುಂದಿನ ಮಳೆಗಾಲಕ್ಕೆ ತುಕ್ಕನ್ನು ಕರೆಯುತ್ತದೆ. ಸ್ಪ್ರಿಂಗ್ ಕಪ್ಪಾಗಿ ಕುಗ್ಗಿದ್ದರೆ ಎಳೆದು ಉದ್ದ ಮಾಡದೆ ಬದಲಿಸಿ.

ತಲೆಯ ಹಿಂದೆ ಎರಡು ಸೆಲ್ಲಿನ ಡಬ್ಬಿ ಇರುವವರು ಇನ್ನೊಂದು ನೋಡಬೇಕು. ಅವು ಸಾಮಾನ್ಯವಾಗಿ ಸಮಾಂತರ ಜೋಡಣೆ, ಅಂದರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ತುಂಬಿದ ಸೆಲ್ ಜೊತೆ 3.2 ವೋಲ್ಟಿಗೆ ಇಳಿದದ್ದನ್ನು ಕೂರಿಸಿದ ಕ್ಷಣ ಒಂದರಿಂದ ಇನ್ನೊಂದಕ್ಕೆ ಹನ್ನೆರಡು ಆಂಪಿಯರ್ ಹರಿಯಬಹುದು. ಒಂದನ್ನು ತಿರುಗುಮುರುಗು ಹಾಕಿದರಂತೂ ಸ್ವಿಚ್ ಆಫ್ ಇದ್ದರೂ ಪೂರಾ ಶಾರ್ಟ್. ಕತ್ತಲಲ್ಲಿ ಸೆಲ್ ಬದಲಿಸುವಾಗ ಆಗುವ ತಪ್ಪಿದು, ಮನೆಯಲ್ಲೇ ಬದಲಿಸಿಕೊಂಡು ಹೊರಡಿ.

ಸೆಲ್ ಎಷ್ಟು ಕರೆಂಟ್ ತುಂಬಿಕೊಳ್ಳುತ್ತದೆ ಎಂಬುದರ ಅಳತೆ ಎಂಎಎಚ್ (ಮಿಲಿಆಂಪಿಯರ್-ಅವರ್); ‘9900 ಎಂಎಎಚ್’ ಎಂಬ ಚೀಟಿ ಕಂಡರೆ ಶುದ್ಧ ಸುಳ್ಳು. ಒಳ್ಳೆಯ 18650ಗಳೇ 3500ರ ಆಸುಪಾಸು. ಸಾಚಾ ಸೆಲ್ 45 ಗ್ರಾಂ ಹತ್ತಿರ ತೂಗುತ್ತದೆ.

ಉಳಿಕೆ ಸೆಲ್ಲಿಗೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಬೇಕು. ಎಲೆಅಡಿಕೆ ಚೀಲದಲ್ಲಿ ಅಲ್ಯೂಮಿನಿಯಂ ಸುಣ್ಣದ ಡಬ್ಬಿಯ ಪಕ್ಕ ಅದಕ್ಕೆ ಜಾಗವಿಲ್ಲ. ಹಣೆಯ ಮೇಲೆ ಬಿಸಿ ತಾಗಿದರೆ, ಸಿಹಿ ಘಾಟು ಬಂದರೆ, ಸೆಲ್ ತೆಗೆಯಲು ಕೂರಬೇಡಿ: ಪಟ್ಟಿ ಸಮೇತ ಕಿತ್ತು, ಒಣಹುಲ್ಲಿನಿಂದ ದೂರ, ಬರಿ ನೆಲಕ್ಕೆ ಎಸೆದು ಹಿಂದೆ ಸರಿಯಿರಿ.