‘ಸಿಸ್ಟರ್, ನೀವಾಗಿದ್ದರೆ ಕಿಡ್ನಿ ಕೊಡುತ್ತಿದ್ದಿರಾ?’

ಕಿಡ್ನಿ ದಾನಕ್ಕೆ ಮುಂದಾದವರು ಈ ಪ್ರಶ್ನೆಯನ್ನು ವೈದ್ಯರಿಗೆ ಕೇಳುವುದು ಕಡಿಮೆ. ರಕ್ತದೊತ್ತಡ ನೋಡಲು ಹೋದ ನರ್ಸ್‌ಗೆ ಕೇಳುತ್ತಾರೆ. ಬೆಂಗಳೂರಿನಲ್ಲಿ ಕಸಿ ವಾರ್ಡುಗಳಲ್ಲಿ ದುಡಿಯುವ ನಮಗೆಲ್ಲ ಇದು ಚಿರಪರಿಚಿತ.

ಉತ್ತರ ಹೆಚ್ಚಾಗಿ ನಾವು ಯಾವ ವಾರ್ಡಿನಲ್ಲಿದ್ದೇವೆ ಎಂಬುದನ್ನು ಅವಲಂಬಿಸಿರುತ್ತದೆ. ವಾರಕ್ಕೆ ಎರಡು ಮೂರು ಬಾರಿ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ಅಂಟಿಕೊಂಡವರನ್ನು, ಸೂಜಿ ಚುಚ್ಚಿಸಿಕೊಂಡು ಗಂಟುಗಟ್ಟಿದ ಅವರ ತೋಳನ್ನು ನೋಡುವ ನರ್ಸ್ ‘ಕೊಟ್ಟುಬಿಡಿ’ ಎನ್ನುತ್ತಾಳೆ. ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಗೆ ದಿಂಬು ಒತ್ತಿಕೊಂಡು ಕೆಮ್ಮುವ ದಾನಿಯನ್ನು ನೋಡಿಕೊಳ್ಳುವವಳಿಗೆ, ಗಟ್ಟಿಮುಟ್ಟಾಗಿದ್ದವರು ಏಕೆ ಕೊಯ್ಯಿಸಿಕೊಳ್ಳಬೇಕು ಎನ್ನಿಸುತ್ತದೆ. ಇಬ್ಬರೂ ಕಂಡದ್ದು ನಿಜ. ಆದರೆ ಅದನ್ನು ದಾನಿಯ ತಲೆಗೆ ಹೊರಿಸುವಂತಿಲ್ಲ.

ನಾನು ಕಿರಿಯರಿಗೆ ಹೇಳುವುದು ಇಷ್ಟು: ನಿಮ್ಮ ಇಷ್ಟಾನಿಷ್ಟ ಬದಿಗಿಡಿ, ಗೊತ್ತಿರುವುದನ್ನು ಪೂರ್ತಿ ಹೇಳಿ. ದಾನಿ ಶಸ್ತ್ರಚಿಕಿತ್ಸೆಯಿಂದ ಸಾಯುವ ಸಂಭವ ಹತ್ತು ಸಾವಿರಕ್ಕೆ ಸುಮಾರು ಮೂರು. ಉಳಿದ ಕಿಡ್ನಿ ಹಿಗ್ಗಿ ಕೆಲಸವನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಆದರೂ ಮುಂದೆ ಕಿಡ್ನಿ ವೈಫಲ್ಯದ ಅಪಾಯ ಸ್ವಲ್ಪ ಹೆಚ್ಚುತ್ತದೆ. ಬಸಿರಾದಾಗ ರಕ್ತದೊತ್ತಡ ಏರುವ ಸಂಭವವೂ ಹೆಚ್ಚು. ಇನ್ನೂ ಮಕ್ಕಳಾಗಬೇಕಿರುವ ಹೆಣ್ಣುಮಗಳಿಗೆ ಇದನ್ನು ಹೇಳದಿರುವುದು ದೊಡ್ಡ ಅನ್ಯಾಯ.

ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಅಂಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು: ತಾಯಿ, ಹೆಂಡತಿ, ಅಕ್ಕತಂಗಿ. 1994ರ ಅಂಗಾಂಗ ಕಸಿ ಕಾಯ್ದೆಯಡಿ 2014ರಲ್ಲಿ ಬಂದ ನಿಯಮಗಳು, ದಾನಿ ಮಹಿಳೆಯಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದ ಬೇರೊಬ್ಬರು ದೃಢಪಡಿಸಬೇಕು ಎನ್ನುತ್ತವೆ. ಒಳ್ಳೆಯ ನಿಯಮ. ಆದರೆ ದಾನಕ್ಕೆ ಅನುಮತಿ ಕೊಡುವ ಸಮಿತಿಯ ಮುಂದೆ, ಕ್ಯಾಮೆರಾ ಎದುರು ‘ಒಪ್ಪಿಗೆ ಇದೆ’ ಎಂದವರು ರಾತ್ರಿ ಪಾಳಿಯಲ್ಲಿ ನಮ್ಮ ಬಳಿ ಬೇರೆಯೇ ಮಾತಾಡುವುದುಂಟು. ಜೊತೆಗಿದ್ದವರನ್ನು ಔಷಧಿ ತರಲು ಕಳುಹಿಸಿ, ಬಾಗಿಲು ಮುಂದೆ ಮಾಡಿ ಕೇಳಿದರೆ, ‘ಬೇಡ ಎಂದರೆ ಆ ಮನೆಯಲ್ಲಿ ನಾನು ಹೇಗಿರಲಿ ಸಿಸ್ಟರ್?’ ಎಂಬ ಮಾತು ಹೊರಬರುತ್ತದೆ. ಅದನ್ನು ಕೇಳಿಸಿಕೊಂಡ ನರ್ಸ್ ಸುಮ್ಮನಿರಬಾರದು, ಕೂಡಲೇ ಕಸಿ ತಂಡಕ್ಕೆ ತಿಳಿಸಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ದಾನಿಗಿದೆ. ಆಗ ಮನೆಯವರಿಗೆ ‘ಇವರು ದಾನಕ್ಕೆ ಸೂಕ್ತರಲ್ಲ’ ಎಂದಷ್ಟೇ ಹೇಳುವ ಪದ್ಧತಿ ಇದೆ. ಆ ಒಂದು ವಾಕ್ಯ ಎಷ್ಟೋ ಹೆಂಗಸರ ಸಂಸಾರ ಉಳಿಸುತ್ತದೆ.

‘ತ್ಯಾಗಮಯಿ, ದೇವತೆ’ ಎಂದು ಹೊಗಳುವುದನ್ನೂ ನಾವು ನಿಲ್ಲಿಸಬೇಕು. ಹಾಗೆ ಹೊಗಳಿಸಿಕೊಂಡವಳು ನೋವಾದರೂ ಬಾಯಿಬಿಡುವುದಿಲ್ಲ. ಶಸ್ತ್ರಚಿಕಿತ್ಸೆಯ ಮರುದಿನ ನೆಂಟರೆಲ್ಲ ವಿಚಾರಿಸುವುದು ಕಿಡ್ನಿ ಪಡೆದವರನ್ನು. ದಾನಿಯೂ ಹಲ್ಲು ಕಚ್ಚಿಕೊಂಡು, ‘ಅವರಿಗೆ ಮೂತ್ರ ಎಷ್ಟು ಹೋಯಿತು, ಕ್ರಿಯಾಟಿನಿನ್ ಇಳಿಯಿತೇ?’ ಎಂದೇ ಕೇಳುತ್ತಾಳೆ. (ಕ್ರಿಯಾಟಿನಿನ್ ಎಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ, ರಕ್ತದಲ್ಲಿನ ಕಲ್ಮಶ.) ಆಕೆಯ ನೋವು ಹತ್ತರಲ್ಲಿ ಎಷ್ಟು ಎಂದು ಕೇಳಿ ಬರೆದುಕೊಳ್ಳಬೇಕಾದವರು ನಾವು.

ಮನೆಗೆ ಹೋದ ಮೇಲಂತೂ ಮಾತ್ರೆ, ತಪಾಸಣೆ, ಪಥ್ಯ ಎಲ್ಲವೂ ಕಿಡ್ನಿ ಪಡೆದವರ ಸುತ್ತಲೇ. ದಾನಿಗೂ ವರ್ಷಕ್ಕೊಮ್ಮೆ ರಕ್ತದೊತ್ತಡ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಆಗಲೇಬೇಕು. ಬಿಡುಗಡೆಯ ದಿನ ಆಕೆಯದೇ ಹೆಸರಿನಲ್ಲಿ ಪ್ರತ್ಯೇಕ ಚೀಟಿ ಬರೆದು, ಮುಂದಿನ ತಪಾಸಣೆಯ ದಿನಾಂಕ ನಮೂದಿಸಿ, ಆಕೆಯ ಕೈಗೇ ಕೊಡಿ.