ಕಣ್ಣಿಗೆ ಗೊತ್ತು, ಕಿವಿಗೆ ಗೊತ್ತಿಲ್ಲ

ಕೋಲಾರದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಸಂಭಾಷಣೆ ಕಲಿಸುವುದು ನನ್ನ ವೃತ್ತಿ. ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಸಂದರ್ಶನಕ್ಕೆ ಹೋಗಿಬಂದ ವಿದ್ಯಾರ್ಥಿನಿಯೊಬ್ಬಳು, ಮೊದಲ ಪ್ರಶ್ನೆಗೇ ಬಾಯಿ ಕಟ್ಟಿಹೋಯಿತೆಂದು ಕಣ್ಣೀರು ಹಾಕಿದಳು. ಅವಳ ಕಿವಿಗೆ ಬಿದ್ದದ್ದು ‘ಹೌಜುಗೆಟಿಯರ್’ ಎಂಬ ಒಂದೇ ಉದ್ದನೆಯ ಪದ. ನಾನು ಅದನ್ನು ಬಿಡಿಸಿ, ‘ಹೌ ಡಿಡ್ ಯು ಗೆಟ್ ಹಿಯರ್’ ಎಂದು ಹಲಗೆಯ ಮೇಲೆ ಬರೆದೊಡನೆ, “ಬಸ್ಸಿನಲ್ಲಿ ಬಂದೆ ಅಂದಿದ್ದರೆ ಸಾಕಿತ್ತಲ್ಲ ಸರ್” ಎಂದಳು. ಐದು ಪದಗಳಲ್ಲಿ ಒಂದೂ ಅವಳಿಗೆ ಹೊಸದಾಗಿರಲಿಲ್ಲ.

ಇದನ್ನು ವ್ಯಾಕರಣದ ದೋಷವೆಂದು ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ಬರೆದ ಅಕ್ಷರವನ್ನೆಲ್ಲ ಉಚ್ಚರಿಸುವ ನಾವು ಇಂಗ್ಲಿಷನ್ನೂ ಹಾಗೆಯೇ ಓದಿ ಕಲಿತಿದ್ದೇವೆ. ಆದರೆ ಇಂಗ್ಲಿಷ್ ಮಾತಿನಲ್ಲಿ ಒತ್ತು ಬಿದ್ದ ಭಾಗ ಮಾತ್ರ ಸ್ಪಷ್ಟವಾಗಿ ನಿಂತು, ಉಳಿದ ಸ್ವರಗಳು ಕುಗ್ಗಿ, ಅಕ್ಕಪಕ್ಕದ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಾವೂ ‘ಏನು ಮಾಡುತ್ತಿದ್ದೀಯೆ’ ಎಂದು ಬರೆದು ‘ಏನ್ಮಾಡ್ತಿದೀಯ’ ಎನ್ನುವುದಿಲ್ಲವೇ? ಪುಸ್ತಕದಿಂದಷ್ಟೇ ಕನ್ನಡ ಕಲಿತವರು ನಮ್ಮ ಬಸ್ ನಿಲ್ದಾಣದಲ್ಲಿ ಹೀಗೆಯೇ ತಬ್ಬಿಬ್ಬಾಗುತ್ತಾರೆ.

ಇದರ ತದ್ವಿರುದ್ಧ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಎಷ್ಟೋ ಹುಡುಗರು ತೆಲುಗಿನ ಒಂದಕ್ಷರವನ್ನೂ ಓದಲಾರರು, ಆದರೆ ಎಪಿಎಂಸಿಯಲ್ಲಿ ಹದಿನೈದು ಕೆಜಿಯ ಟೊಮ್ಯಾಟೊ ಬಾಕ್ಸಿನ ದರವನ್ನು ತೆಲುಗಿನಲ್ಲಿ ಎಗ್ಗಿಲ್ಲದೆ ಚೌಕಾಸಿ ಮಾಡುತ್ತಾರೆ. ತೆಲುಗು ಕಿವಿಯಿಂದ ಬಂದಿತು, ಇಂಗ್ಲಿಷ್ ಕಣ್ಣಿನಿಂದ.

ಶಾಲೆಯನ್ನು ಪೂರ್ತಿ ದೂರಲಾರೆ. ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಲಿಖಿತ ಪರೀಕ್ಷೆಗೆ 80 ಅಂಕ, ಉಳಿದ 20 ಆಂತರಿಕ ಮೌಲ್ಯಮಾಪನಕ್ಕೆ. ಹೀಗಿರುವಾಗ ಮೇಷ್ಟರು ಕರ್ಮಣಿ ಪ್ರಯೋಗವನ್ನು ಬಿಟ್ಟು ಹರಟೆಯನ್ನು ಕಲಿಸುವುದಾದರೂ ಹೇಗೆ? ಆದರೆ ‘ಪೂರ್ಣ ವಾಕ್ಯದಲ್ಲಿ ಉತ್ತರಿಸಿ’ ಎಂಬ ಸೂಚನೆ ಮಾಡಿರುವ ಹಾನಿ ಸಣ್ಣದಲ್ಲ. ‘ಎಲ್ಲಿಂದ ಬಂದಿರಿ’ ಎಂದರೆ ‘ಮಾಲೂರಿಂದ’ ಎಂದು ಮುಗಿಸುವ ನಾವು, ಇಂಗ್ಲಿಷಿನಲ್ಲಿ ಮಾತ್ರ ಕರ್ತೃ, ಕ್ರಿಯಾಪದಗಳನ್ನೆಲ್ಲ ಜೋಡಿಸಿಕೊಂಡ ಮೇಲೆಯೇ ಬಾಯಿ ತೆರೆಯುತ್ತೇವೆ. 10 ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪ್ರಶ್ನೆ ಮುಗಿದು ಉತ್ತರ ಆರಂಭವಾಗುವ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಅಷ್ಟರೊಳಗೆ ಕನ್ನಡದಲ್ಲಿ ಯೋಚಿಸಿ, ಅನುವಾದಿಸಿ, ಕಾಲ ಸರಿಯಿದೆಯೇ ಎಂದು ತಾಳೆ ನೋಡುವುದು ಆಗದ ಮಾತು.

ಆದ್ದರಿಂದ ನನ್ನ ತರಗತಿಯ ಮೊದಲ ವಾರದಲ್ಲಿ ಮಾತಿಗಿಂತ ಕೇಳ್ಮೆಯೇ ಹೆಚ್ಚು. ಅರ್ಧ ನಿಮಿಷದ ಧ್ವನಿಮುದ್ರಣವನ್ನು ಹತ್ತು ಸಲ ಹಾಕಿ, ಕೇಳಿದ್ದನ್ನು ಕೇಳಿಸಿದಂತೆಯೇ ಕನ್ನಡ ಲಿಪಿಯಲ್ಲಿ ಬರೆಸುತ್ತೇನೆ. ಅಂಟಿಕೊಂಡ ಪದಗಳ ಕೀಲು ಎಲ್ಲಿದೆ ಎಂಬುದು ಆಗ ತಾನಾಗಿ ಕಾಣುತ್ತದೆ. ಅರ್ಥವಾಗದಿದ್ದಾಗ ‘ಸಾರಿ?’ ಎಂದು ನಾಚಿಕೆಯಿಲ್ಲದೆ ಕೇಳುವುದನ್ನೂ ಅಭ್ಯಾಸ ಮಾಡಿಸುತ್ತೇನೆ, ಏಕೆಂದರೆ ಕನ್ನಡದಲ್ಲಿ ದಿನಕ್ಕೆ ಹತ್ತಾರು ಬಾರಿ ‘ಏನಂದ್ರಿ?’ ಎನ್ನುವವರೇ ಇಂಗ್ಲಿಷಿನಲ್ಲಿ ಹಾಗೆ ಕೇಳುವುದನ್ನು ಸೋಲೆಂದು ಭಾವಿಸಿರುತ್ತಾರೆ.

ಅನಂತರವಷ್ಟೇ ಮಾತು. ಒಂದೇ ಸಂಗತಿಯನ್ನು ಒಬ್ಬರಿಗೆ ನಾಲ್ಕು ನಿಮಿಷ, ಮತ್ತೊಬ್ಬರಿಗೆ ಮೂರು, ಮೂರನೆಯವರಿಗೆ ಎರಡೇ ನಿಮಿಷದಲ್ಲಿ ಹೇಳಬೇಕು. ಟೊಮ್ಯಾಟೊ ಹರಾಜನ್ನು ವಿವರಿಸುತ್ತಿದ್ದ ಹುಡುಗನೊಬ್ಬ ಮೊದಲ ಸುತ್ತಿನಲ್ಲಿ ಪದಕ್ಕೊಂದು ಬಾರಿ ಸೂರು ನೋಡುತ್ತಿದ್ದ. ಮೂರನೆಯ ಸುತ್ತಿಗೆ ಅವನ ಕೈಗಳೂ ಮಾತಾಡತೊಡಗಿದ್ದವು. ಅವನು ‘ಐ ಆ್ಯಮ್ ನೋಯಿಂಗ್’ ಎಂದಾಗ ನಾನು ತಡೆಯಲಿಲ್ಲ. ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮರುದಿನ ತಿದ್ದಿದೆ.