ಒಳಪ್ಯಾಡ್ ಸವೆದಿದೆ, ಹೊರಪ್ಯಾಡ್ ಹಾಗೇ ಇದೆ: ಡಿಸ್ಕ್ ಬ್ರೇಕ್ ಟಿಪ್ಪಣಿ

ಬ್ರೇಕ್ ಪ್ಯಾಡ್, ಅಂದರೆ ಡಿಸ್ಕಿಗೆ ಉಜ್ಜಿ ಚಕ್ರ ನಿಲ್ಲಿಸುವ ಬಿಲ್ಲೆ, ಬೇಗ ಸವೆಯುವುದು ಬೇರೆ, ಒಂದೊಂದು ಕಡೆ ಒಂದೊಂದು ಥರ ಸವೆಯುವುದು ಬೇರೆ. ಚಾಮುಂಡಿ ಬೆಟ್ಟದಿಂದ ಗಾಡಿಯನ್ನು ಎರಡನೇ ಗೇರಿಗೆ ಹಾಕದೆ, ಪೆಡಲ್ ಒತ್ತಿಕೊಂಡೇ ಇಳಿಸುವವರ ಕಾರಿನಲ್ಲಿ ಪ್ಯಾಡ್ ಬೇಗ ಮುಗಿಯುತ್ತದೆ, ನಿಜ. ಆದರೆ ಎಡ-ಬಲ, ಒಳ-ಹೊರ ಎಲ್ಲವೂ ಹೆಚ್ಚುಕಡಿಮೆ ಸಮನಾಗಿಯೇ ಮುಗಿಯುತ್ತವೆ. ಒಂದೇ ಚಕ್ರದ ಒಳಪ್ಯಾಡ್ 3 ಮಿ.ಮೀ., ಹೊರಪ್ಯಾಡ್ 8 ಮಿ.ಮೀ. ಇದ್ದರೆ ಓಡಿಸುವವರನ್ನು ಬೈದು ಪ್ರಯೋಜನವಿಲ್ಲ. ಅಲ್ಲಿ ಏನೋ ಜಾಮ್ ಆಗಿದೆ. ಕಾರಣ ಹುಡುಕದೆ ಹೊಸ ಜೋಡಿ ಹಾಕಿ ಕಳಿಸಿದರೆ ಅದೂ ಹಾಗೇ ಸವೆದು ವಾಪಸ್ ಬರುತ್ತದೆ.

ಬಹುತೇಕ ಕಾರುಗಳ ಮುಂದಿನ ಚಕ್ರದಲ್ಲಿರುವುದು ಜಾರುವ ಕ್ಯಾಲಿಪರ್, ಅಂದರೆ ಎರಡು ಪ್ಯಾಡ್ ನಡುವೆ ಡಿಸ್ಕನ್ನು ಅದುಮುವ ಹಿಡಿ. ಪಿಸ್ಟನ್ ಒಂದೇ, ಅದೂ ಒಳಬದಿಗೆ. ಪೆಡಲ್ ಒತ್ತಿದಾಗ ಪಿಸ್ಟನ್ ಒಳಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡದ ಪ್ರತಿಬಲಕ್ಕೆ ಇಡೀ ಕ್ಯಾಲಿಪರ್ ಎರಡು ಸ್ಲೈಡ್ ಪಿನ್‌ಗಳ ಮೇಲೆ ಒಳಕ್ಕೆ ಜಾರಿ ಹೊರಪ್ಯಾಡನ್ನು ಎಳೆದುಕೊಂಡು ಬರುತ್ತದೆ. ಪೆಡಲ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಅಲ್ಲಿ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತಲಿನ, ಕತ್ತರಿಸಿ ನೋಡಿದರೆ ಚೌಕವಾಗಿ ಕಾಣುವ ರಬ್ಬರ್ ಬಳೆ (ಸೀಲ್) ಒತ್ತಿದಾಗ ಬಾಗಿ, ಬಿಟ್ಟಾಗ ನೆಟ್ಟಗಾಗುತ್ತದಲ್ಲ, ಅಷ್ಟೇ ಬಲ. ಪಿಸ್ಟನ್ ಹಿಂದೆ ಸರಿಯುವುದು ಮಿಲಿಮೀಟರಿನ ಸಣ್ಣ ಭಾಗ. ಇಷ್ಟು ನಾಜೂಕಾದ ವ್ಯವಸ್ಥೆಯಾದ್ದರಿಂದ ಸ್ವಲ್ಪ ತುಕ್ಕು ಹಿಡಿದರೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ.

ಹಳೆ ಪ್ಯಾಡನ್ನು ಕಸಕ್ಕೆ ಎಸೆಯಬೇಡಿ. ಬಿಚ್ಚುವಾಗಲೇ ಯಾವ ಚಕ್ರ, ಒಳಗಿನದೋ ಹೊರಗಿನದೋ, ಯಾವ ತುದಿ ಮೇಲಿತ್ತು ಎಂದು ಹಿಂಬದಿಯ ತಗಡಿನ ಮೇಲೆ ಮಾರ್ಕರಿನಲ್ಲಿ ಬರೆಯಿರಿ. ತಗಡನ್ನು ಬಿಟ್ಟು ಉಜ್ಜುವ ಪದರವನ್ನಷ್ಟೇ ವರ್ನಿಯರ್‌ನಲ್ಲಿ, ಎರಡೂ ತುದಿಗಳಲ್ಲಿ ಅಳೆಯಿರಿ. ಹೊಸದರಲ್ಲಿ ಈ ಪದರ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು, 3 ಮಿ.ಮೀ.ಗೆ ಬಂದರೆ ಬದಲಾಯಿಸುವುದು ಒಳ್ಳೆಯದು. ಒಳಗಿನದಕ್ಕೂ ಹೊರಗಿನದಕ್ಕೂ 1 ಮಿ.ಮೀ. ವ್ಯತ್ಯಾಸವಿದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 2 ಮಿ.ಮೀ. ದಾಟಿದರೆ ಹುಡುಕಾಟ ಶುರು ಮಾಡಿ. ಅಂದಹಾಗೆ, ಕಿರ್ರೆನ್ನುವ ಎಚ್ಚರಿಕೆ ಪಟ್ಟಿ ಹಲವು ಕಾರುಗಳಲ್ಲಿ ಒಳಪ್ಯಾಡಿಗೆ ಮಾತ್ರ ಇರುತ್ತದೆ. ಹೊರಪ್ಯಾಡ್ ಮೊದಲು ಮುಗಿದರೆ ಸದ್ದೇ ಬರದೆ ನೇರ ಕಬ್ಬಿಣ ಡಿಸ್ಕನ್ನು ಕೊರೆಯುತ್ತದೆ.

ಇನ್ನು ಸವೆತವನ್ನು ಓದುವ ಕ್ರಮ. ಒಳಪ್ಯಾಡ್ ಹೆಚ್ಚು ಸವೆದಿದ್ದರೆ ಎರಡು ಅನುಮಾನ: ಪಿಸ್ಟನ್ ಹಿಂದೆ ಸರಿಯುತ್ತಿಲ್ಲ, ಇಲ್ಲವೇ ಪಿನ್‌ಗಳು ಪೂರ್ತಿ ಹಿಡಿದುಕೊಂಡು ಹೊರಪ್ಯಾಡಿಗೆ ಕೆಲಸವೇ ಸಿಗುತ್ತಿಲ್ಲ. ಹೊರಪ್ಯಾಡ್ ಹೆಚ್ಚು ಸವೆದಿದ್ದರೆ ಪಿನ್‌ಗಳೇ ಮುಖ್ಯ ಆರೋಪಿ. ಒತ್ತಡಕ್ಕೆ ಜಾರುತ್ತವೆ, ಬಿಟ್ಟ ಮೇಲೆ ವಾಪಸ್ ಬರುವುದಿಲ್ಲ. ಪ್ಯಾಡ್ ಓರೆಯಾಗಿ, ಒಂದು ತುದಿ ದಪ್ಪ ಒಂದು ತುದಿ ತೆಳ್ಳಗೆ ಆಗಿದ್ದರೆ ಎರಡರಲ್ಲಿ ಒಂದೇ ಪಿನ್ ಹಿಡಿದಿದೆ, ಅಥವಾ ಪ್ಯಾಡಿನ ಕಿವಿ (ತಗಡಿನ ಎರಡು ತುದಿಯ ಚಾಚು) ಕೂರುವ ಜಾಗದಲ್ಲಿ ಕ್ಲಿಪ್ಪಿನ ಕೆಳಗೆ ತುಕ್ಕು ಉಬ್ಬಿದೆ.

ಕೈಯಲ್ಲೇ ಪರೀಕ್ಷಿಸಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜ್ಯಾಕ್ ಏರಿಸಿ, ಸ್ಟ್ಯಾಂಡ್ ಇಟ್ಟ ಮೇಲೆ ಪಿನ್ ಒಂದೊಂದನ್ನೂ ಬೆರಳಲ್ಲಿ ಎಳೆದು ತಳ್ಳಿ. ಬೆಣ್ಣೆಯಲ್ಲಿ ಜಾರಿದಂತೆ ಜಾರಬೇಕು. ಸಿ ಕ್ಲ್ಯಾಂಪ್‌ನಲ್ಲಿ ಪಿಸ್ಟನ್ ಒತ್ತಿದರೆ ಒಂದೇ ಸಮನೆ ಒಳಗೆ ಹೋಗಬೇಕು. ಒತ್ತುವಾಗ, ಬ್ರೇಕ್ ಆಯಿಲ್ ಹೊರಬಿಡುವ ಬ್ಲೀಡರ್ ನಿಪ್ಪಲ್‌ಗೆ ಟ್ಯೂಬ್ ಹಾಕಿ ತೆರೆದಿಡಿ, ಕೊಳೆ ಆಯಿಲ್ ಎಬಿಎಸ್ ಘಟಕದ ಕಡೆಗೆ ಹೋಗುವುದು ತಪ್ಪುತ್ತದೆ. ಹಿಂದಿನ ಚಕ್ರಕ್ಕೂ ಡಿಸ್ಕ್ ಇದ್ದು ಹ್ಯಾಂಡ್‌ಬ್ರೇಕ್ ಅದರಲ್ಲೇ ಸೇರಿದ್ದರೆ ಅಲ್ಲಿನ ಪಿಸ್ಟನ್ ಸಾಮಾನ್ಯವಾಗಿ ತಿರುಗಿಸಿದರೆ ಮಾತ್ರ ಒಳಹೋಗುತ್ತದೆ. ತಿರುಗಿಸದೆ ಬಲವಂತವಾಗಿ ಒತ್ತಿದರೆ ಒಳಗಿನ ಸ್ಕ್ರೂ ಕೆಡುತ್ತದೆ.

ಒಂದು ಚಕ್ರದ ಎರಡೂ ಪ್ಯಾಡ್ ಸವೆದು, ಎದುರು ಚಕ್ರದವು ಚೆನ್ನಾಗಿದ್ದರೆ ಕ್ಯಾಲಿಪರಿಗೆ ಆಯಿಲ್ ತರುವ ರಬ್ಬರ್ ಹೋಸ್ ಪೈಪನ್ನು ಮರೆಯಬೇಡಿ. ಹಳೆ ಹೋಸ್ ಒಳಗೊಳಗೇ ಊದಿಕೊಂಡರೆ ಆಯಿಲ್ ಹೋಗಲು ಬಿಡುತ್ತದೆ, ಹಿಂದಕ್ಕೆ ಬರಲು ಬಿಡುವುದಿಲ್ಲ. ಹೊರಗಿನಿಂದ ನೋಡಿದರೆ ಏನೂ ಕಾಣದು. ಚಕ್ರ ತಿರುಗಲಾರದೆ ಬಿಗಿಯಾಗಿರುವಾಗಲೇ ನಿಪ್ಪಲನ್ನು ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಹಗುರಾದರೆ ಒತ್ತಡ ಸಿಕ್ಕಿಕೊಂಡಿತ್ತು: ಹೋಸ್, ಅಥವಾ ಮೇಲೆ ಪೆಡಲ್ ಒತ್ತಡವನ್ನು ಆಯಿಲ್ಲಿಗೆ ಕೊಡುವ ಮಾಸ್ಟರ್ ಸಿಲಿಂಡರ್ ನೋಡಿ. ಹಗುರಾಗದಿದ್ದರೆ ಪಿನ್, ಪಿಸ್ಟನ್ ಅಥವಾ ಪ್ಯಾಡಿನ ಕಿವಿ. ಎರಡು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ಕ್ಯಾಲಿಪರನ್ನೇ ಬದಲಾಯಿಸಿ ಹಣ ಕಳೆಯುವುದುಂಟು.

ಮಂಡ್ಯ ಸೀಮೆಯಲ್ಲಿ ನಾಟಿ ಕಾಲಕ್ಕೆ ಗದ್ದೆಯಿಂದ ಏರುವ ಟ್ರ್ಯಾಕ್ಟರ್‌ಗಳು ಟಾರು ರಸ್ತೆಗೆ ಕೆಸರು ಬಳಿಯುತ್ತವೆ. ಪಿನ್ನನ್ನು ಮುಚ್ಚುವ ರಬ್ಬರ್ ಬೂಟ್ ಹರಿದಿದ್ದರೆ ಆ ಕೆಸರು ನೀರು ಒಳಗಿಳಿದು ಗ್ರೀಸನ್ನು ತೊಳೆದು ತುಕ್ಕು ಹಿಡಿಸುತ್ತದೆ. ಆದ್ದರಿಂದ ಬೂಟ್ ಹರಿದಿದ್ದರೆ ಪಿನ್ ಒರೆಸಿ ಸುಮ್ಮನಾಗಬೇಡಿ, ಬೂಟ್ ಬದಲಾಯಿಸಿ. ಗುಳಿ ಬಿದ್ದ ಪಿನ್ನನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಹಾಕುವುದೂ ಬೇಡ. ಗ್ರೀಸ್ ಸಿಲಿಕೋನ್ ಬಗೆಯದೇ ಆಗಬೇಕು, ತೆಳುವಾಗಿ ಸವರಿದರೆ ಸಾಕು. ಬೇರಿಂಗಿಗೆ ಹಾಕುವ ಪೆಟ್ರೋಲಿಯಂ ಗ್ರೀಸ್ ತಗುಲಿದರೆ ರಬ್ಬರ್ ಊದಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಕೆಲವು ಕ್ಯಾಲಿಪರ್‌ಗಳಲ್ಲಿ ಮೇಲಿನ ಪಿನ್ನೂ ಕೆಳಗಿನ ಪಿನ್ನೂ ಒಂದೇ ಅಲ್ಲ, ಒಂದಕ್ಕೆ ತುದಿಯಲ್ಲಿ ರಬ್ಬರ್ ಬುಷ್ ಇರುತ್ತದೆ; ಅದಲುಬದಲಾದರೂ ಜಾಮ್.

ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಉಸಿರಿಗೆ ಹೋಗುತ್ತದೆ. ಬ್ರೇಕ್ ಕ್ಲೀನರಿನಲ್ಲಿ ತೊಳೆಯಿರಿ. ಡಿಸ್ಕಿನ ಮೇಲೆ ಕೊರೆದಿರುವ ಕನಿಷ್ಠ ದಪ್ಪಕ್ಕಿಂತ ಕಡಿಮೆಯಾಗಿದ್ದರೆ ಡಿಸ್ಕನ್ನೂ ಬದಲಾಯಿಸಬೇಕು. ಪ್ಯಾಡನ್ನು ಯಾವಾಗಲೂ ಆಕ್ಸಲ್ಲಿನ ಎರಡೂ ಚಕ್ರಕ್ಕೆ ಜೋಡಿಯಾಗಿಯೇ ಹಾಕಿ. ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಇದನ್ನು ಮರೆತರೆ ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಸುಮಾರು ಸಾವಿರ ಕಿ.ಮೀ. ಓಡಿದ ಮೇಲೆ ಚಕ್ರ ಬಿಚ್ಚಿ ಒಳ-ಹೊರ ಪ್ಯಾಡ್‌ಗಳನ್ನು ಮತ್ತೊಮ್ಮೆ ಅಳೆದು, ಹಿಂದಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ.